ಕಳೆನಾಶಕ ಹೊಡೆದ ಮೇಲೆ ಕಾಯಿಲೆ: ಕಾರಣ ಪತ್ತೆ ಹಚ್ಚುವ ಬಗೆ

ದೂರು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಬರುತ್ತದೆ. ಕಳೆನಾಶಕ ಹೊಡೆದ ಮಾರನೆಯ ದಿನ ನಾಯಿ ವಾಂತಿ ಮಾಡಿಕೊಂಡಿತು. ಮೇಯಲು ಹೋದ ಹಸು ಕುಸಿದು ಬಿತ್ತು. ಸಿಂಪಡಿಸಿದವರ ಕೈ ಉರಿಯುತ್ತಿದೆ, ತಲೆ ಸುತ್ತುತ್ತಿದೆ. ಕೇಳಿದವರ ಬಾಯಲ್ಲಿ ತಕ್ಷಣ ಬರುವ ಹೆಸರು ಗ್ಲೈಫೋಸೇಟ್. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಕಳೆನಾಶಕ ಅದೇ ಆದ್ದರಿಂದ ಅನುಮಾನ ಸಹಜ. ಆದರೆ ಬರೀ ಅನುಮಾನವನ್ನು ನೆಚ್ಚಿಕೊಂಡು ಹೊರಟರೆ ಎರಡು ಕಡೆ ಎಡವುತ್ತೇವೆ: ಹೆಚ್ಚೇನೂ ಅಪಾಯವಿಲ್ಲದ ಕಡೆ ಗಾಬರಿಯಾಗುತ್ತೇವೆ, ಜೀವಕ್ಕೇ ಕುತ್ತಿರುವ ಕಡೆ ಅಸಡ್ಡೆ ಮಾಡುತ್ತೇವೆ. ಎರಡನೆಯದೇ ಹೆಚ್ಚು ಕಾಣಸಿಗುವುದು ಎಂಬುದು ನನ್ನ ಅನಿಸಿಕೆ.

ಪತ್ತೆ ಹಚ್ಚಲು ತಿಳಿಯಬೇಕಾದದ್ದು ಇಷ್ಟು: ಯಾವ ರಾಸಾಯನಿಕ, ಯಾವ ದಾರಿಯಲ್ಲಿ ಮೈಗೆ ಸೇರಿತು, ನೀರು ಬೆರೆಸಿದ್ದೋ ಬಾಟಲಿಯಲ್ಲಿದ್ದ ಗಟ್ಟಿ ದ್ರಾವಣವೋ, ತಾಗಿದ್ದಕ್ಕೂ ಲಕ್ಷಣ ಕಾಣಿಸಿದ್ದಕ್ಕೂ ನಡುವೆ ಎಷ್ಟು ಹೊತ್ತು ಕಳೆಯಿತು. ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಅರ್ಧ ಉತ್ತರ ಇರುವುದು ಅಲ್ಲಿಯೇ.

ಯಾರಾದರೂ ನುಂಗಿದ್ದರೆ ಮುಂದೆ ಓದಬೇಡಿ

ಮನುಷ್ಯರಾಗಲಿ ಪ್ರಾಣಿಯಾಗಲಿ ಗಟ್ಟಿ ದ್ರಾವಣ ನುಂಗಿದ್ದು ಖಚಿತವಾದರೆ, ಅಥವಾ ಬಲವಾದ ಸಂಶಯವಿದ್ದರೆ, ಪತ್ತೆದಾರಿಕೆ ಆಮೇಲೆ. ಬಾಟಲಿಯನ್ನು, ಬಾಟಲಿ ಸಿಗದಿದ್ದರೆ ಲೇಬಲ್‌ನ ಫೋಟೋವನ್ನಾದರೂ ತೆಗೆದುಕೊಂಡು ಆಸ್ಪತ್ರೆಗೆ ಅಥವಾ ಪಶುವೈದ್ಯರಲ್ಲಿಗೆ ಹೊರಡಿ. ಬಲವಂತವಾಗಿ ವಾಂತಿ ಮಾಡಿಸಬೇಡಿ. ಕಳೆನಾಶಕದ ಜೊತೆ ಬೆರೆಸಿರುವ ಸಾಬೂನಿನಂಥ ವಸ್ತುಗಳು ನೊರೆಯಾಗಿ ಶ್ವಾಸಕೋಶಕ್ಕೆ ಇಳಿದರೆ ಹೊಸ ಅಪಾಯ ಶುರುವಾಗುತ್ತದೆ. ಕಣ್ಣಿಗೆ ಬಿದ್ದಿದ್ದರೆ ಹರಿಯುವ ನೀರಿನಲ್ಲಿ 15ರಿಂದ 20 ನಿಮಿಷ ತೊಳೆಯಿರಿ. ಮೈಮೇಲೆ ಚೆಲ್ಲಿದ್ದರೆ ಬಟ್ಟೆ ಬಿಚ್ಚಿ ಸಾಬೂನು ಹಾಕಿ ತೊಳೆಯಿರಿ. ನುಂಗಿದವರು ನಗುತ್ತಾ ಮಾತನಾಡುತ್ತಿದ್ದಾರೆ ಎಂಬುದು ಮನೆಯಲ್ಲೇ ಇರಿಸಿಕೊಳ್ಳಲು ಕಾರಣವಾಗಬಾರದು. ಏಕೆ ಎಂಬುದು ಮುಂದೆ ಪ್ಯಾರಾಕ್ವಾಟ್ ಎಂಬ ಕಳೆನಾಶಕದ ಭಾಗದಲ್ಲಿ ತಿಳಿಯುತ್ತದೆ.

ಬಾಟಲಿಯ ಹೆಸರನ್ನು ನಂಬಬೇಡಿ

ಲೇಬಲ್‌ನಲ್ಲಿ ದಪ್ಪಕ್ಷರದಲ್ಲಿರುವುದು ವ್ಯಾಪಾರದ ಹೆಸರು. ನಿಮಗೆ ಬೇಕಾದದ್ದು ಸಣ್ಣಕ್ಷರದಲ್ಲಿರುವ ಸಕ್ರಿಯ ಘಟಕದ ಹೆಸರು ಮತ್ತು ಅದರ ಶೇಕಡಾ ಪ್ರಮಾಣ. ರೌಂಡಪ್ ಎಂದರೆ ಗ್ಲೈಫೋಸೇಟ್ ಎಂದು 1974ರಿಂದ ಜನ ನಂಬಿದ್ದಾರೆ. ಆದರೆ ಅಮೆರಿಕದಲ್ಲಿ ಮನೆಯ ತೋಟಗಳಿಗೆಂದು ಮಾರುವ ಅದೇ ಹೆಸರಿನ ಉತ್ಪನ್ನಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಗ್ಲೈಫೋಸೇಟ್ ಬದಲು ಡೈಕ್ವಾಟ್, ಟ್ರೈಕ್ಲೋಪಿರ್, ಫ್ಲುವಾಜಿಫಾಪ್‌ನಂಥ ಬೇರೆ ರಾಸಾಯನಿಕಗಳು ಬಂದಿವೆ. ಹೆಸರು ಅದೇ, ವಿಷದ ಸ್ವಭಾವ ಬೇರೆ.

ಇನ್ನೊಂದು ಗುಂಡಿ: ಗ್ಲೈಫೋಸೇಟ್ ಮತ್ತು ಗ್ಲುಫೋಸಿನೇಟ್. ಎರಡೂ ಬೇರೆ ಬೇರೆ ಕಳೆನಾಶಕಗಳು, ಆದರೆ ಫೋನಿನಲ್ಲಿ ಹೇಳುವಾಗ ಒಂದೇ ಎನಿಸುತ್ತದೆ. ಗ್ಲುಫೋಸಿನೇಟ್ ನುಂಗಿದವರಲ್ಲಿ ಮೊದಲ ಕೆಲವು ಗಂಟೆ ಹೊಟ್ಟೆಯ ತೊಂದರೆ ಬಿಟ್ಟರೆ ಹೆಚ್ಚೇನೂ ಕಾಣದೆ, ಬಳಿಕ, ಕೆಲವೊಮ್ಮೆ ಒಂದೆರಡು ದಿನ ಕಳೆದ ಮೇಲೆ, ಸೆಳವು, ಪ್ರಜ್ಞೆ ತಪ್ಪುವುದು, ಉಸಿರಾಟ ನಿಧಾನವಾಗುವುದು ಕಾಣಿಸಿಕೊಳ್ಳಬಹುದು. ಚೇತರಿಸಿಕೊಂಡವರಿಗೆ ಆ ದಿನಗಳ ನೆನಪೇ ಇರದಿರುವುದೂ ಉಂಟು. ಆದ್ದರಿಂದ ಹೆಸರನ್ನು ಬಾಯಲ್ಲಿ ಹೇಳದೆ ಬರೆದು ತೋರಿಸಿ.

ಅಪಾಯದ ವರ್ಗ ಸೂಚಿಸುವ ಗುರುತಿನ ಮೇಲೂ ಪೂರ್ತಿ ಭಾರ ಹಾಕುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಗ್ಲೈಫೋಸೇಟ್ ಮೂರನೆಯ ವರ್ಗದಲ್ಲಿದೆ, ಅಂದರೆ ಅಲ್ಪ ಅಪಾಯಕಾರಿ. ಪ್ಯಾರಾಕ್ವಾಟ್ ಮತ್ತು 2,4-ಡಿ ಎಂಬ ಕಳೆನಾಶಕಗಳೆರಡೂ ಎರಡನೆಯ ವರ್ಗ, ಅಂದರೆ ಮಧ್ಯಮ. ಇಲಿಗಳಿಗೆ ಬಾಯಿಯ ಮೂಲಕ ಕೊಟ್ಟಾಗ ಅರ್ಧದಷ್ಟು ಇಲಿಗಳನ್ನು ಕೊಲ್ಲುವ ಪ್ರಮಾಣವನ್ನು ಮುಖ್ಯವಾಗಿ ಆಧರಿಸಿದ ಪಟ್ಟಿ ಅದು. ಪ್ಯಾರಾಕ್ವಾಟ್ ಒಂದು ಗುಟುಕು ಹೊಟ್ಟೆಗೆ ಹೋದ ಮನುಷ್ಯನನ್ನು ಉಳಿಸಿಕೊಳ್ಳುವುದು ಎಷ್ಟು ಕಷ್ಟ ಎಂಬುದನ್ನು 'ಮಧ್ಯಮ' ಎಂಬ ಪದ ಹೇಳುವುದಿಲ್ಲ.

ಬಾಟಲಿ ಸಿಗದಿದ್ದರೆ ಕಳೆಗಳನ್ನು ನೋಡಿ

ಪಕ್ಕದವರು ಹೊಡೆದದ್ದು, ರಸ್ತೆ ಬದಿಯಲ್ಲಿ ಯಾರೋ ಸಿಂಪಡಿಸಿದ್ದು, ಲೇಬಲ್ ಕಿತ್ತುಹೋದ ಕ್ಯಾನ್ ಇವೆಲ್ಲ ಸಾಮಾನ್ಯ. ಆಗ ಸಾಯುತ್ತಿರುವ ಗಿಡಗಳೇ ಸಾಕ್ಷಿ ಹೇಳುತ್ತವೆ.

ಸಿಂಪಡಿಸಿದ ಕೆಲವೇ ಗಂಟೆಗಳಲ್ಲಿ, ಅದರಲ್ಲೂ ಬಿಸಿಲಿದ್ದ ದಿನ, ಎಲೆಗಳು ಬಾಡಿ ಒಂದೆರಡು ದಿನದಲ್ಲಿ ಸುಟ್ಟಂತೆ ಕಂದಾಗಿದ್ದರೆ, ದ್ರಾವಣ ಬಿದ್ದ ಕಡೆ ಮಾತ್ರ ಚುಕ್ಕೆಗಳಾಗಿದ್ದರೆ, ಪ್ಯಾರಾಕ್ವಾಟ್ ಅಥವಾ ಡೈಕ್ವಾಟ್ ಎಂದು ಸಂಶಯಪಡಿ. ದಿನಗಟ್ಟಲೆ ಏನೂ ಆಗದಂತಿದ್ದು, ಆಮೇಲೆ ಎಳೆಯ ಚಿಗುರಿನಿಂದ ಹಳದಿ ಶುರುವಾಗಿ, ಹುಲ್ಲು, ಅಗಲ ಎಲೆಯ ಗಿಡ ಎರಡೂ ಬೇರುಸಮೇತ ಸಾಯುತ್ತಿದ್ದರೆ ಗ್ಲೈಫೋಸೇಟ್ ಇರಬಹುದು. ಅಗಲ ಎಲೆಯ ಗಿಡಗಳು ಮಾತ್ರ ಕಾಂಡ ತಿರುಚಿಕೊಂಡು, ಎಲೆ ಮುದುರಿ, ಹುಲ್ಲು ಮಾತ್ರ ಹಸಿರಾಗಿ ನಿಂತಿದ್ದರೆ 2,4-ಡಿ ಅಥವಾ ಅದರ ಬಳಗದ್ದು. ಇದು ಪ್ರಯೋಗಾಲಯದ ವರದಿಗೆ ಸಮವಲ್ಲ. ಎರಡು ರಾಸಾಯನಿಕ ಬೆರೆಸಿ ಹೊಡೆದಿದ್ದರೆ ಚಿತ್ರ ಕಲಸಿಹೋಗುತ್ತದೆ. ಆದರೂ ವೈದ್ಯರ ಮುಂದೆ 'ಏನೋ ಕಳೆ ಔಷಧಿ' ಎನ್ನುವುದಕ್ಕಿಂತ 'ಮಧ್ಯಾಹ್ನ ಹೊಡೆದದ್ದು ಸಂಜೆಗೇ ಸುಟ್ಟುಹೋಗಿತ್ತು' ಎಂದರೆ ಅವರ ಕಿವಿ ನೆಟ್ಟಗಾಗುತ್ತದೆ.

ಜೊಲ್ಲು, ವಾಂತಿ, ಭೇದಿ: ಗ್ಲೈಫೋಸೇಟ್

ಗ್ಲೈಫೋಸೇಟ್ ಗಿಡಗಳನ್ನು ಕೊಲ್ಲುವುದು ಅವುಗಳಲ್ಲಿರುವ ಶಿಕಿಮೇಟ್ ಎಂಬ ರಾಸಾಯನಿಕ ಹಾದಿಯನ್ನು ಮುಚ್ಚಿ. ಕೆಲವು ಅತ್ಯಗತ್ಯ ಅಮೈನೋ ಆಮ್ಲಗಳನ್ನು ಗಿಡಗಳು ಈ ಹಾದಿಯಲ್ಲಿ ತಯಾರಿಸಿಕೊಳ್ಳುತ್ತವೆ. ಪ್ರಾಣಿಗಳಲ್ಲಿ ಆ ಹಾದಿಯೇ ಇಲ್ಲ; ನಾವು ಆ ಅಮೈನೋ ಆಮ್ಲಗಳನ್ನು ಆಹಾರದಿಂದ ಪಡೆಯುತ್ತೇವೆ. ಶುದ್ಧ ಗ್ಲೈಫೋಸೇಟ್‌ನ ತಕ್ಷಣದ ವಿಷತ್ವ ಕಡಿಮೆ ಇರುವುದಕ್ಕೆ ಇದೊಂದು ಕಾರಣ. ಇಲಿಗಳಲ್ಲಿ ಅರ್ಧ ಸಾಯಬೇಕಾದರೆ ಪ್ರತಿ ಕಿಲೋ ದೇಹತೂಕಕ್ಕೆ ಸಾವಿರಾರು ಮಿಲಿಗ್ರಾಂ ಬೇಕು.

ವಾದ ಇಲ್ಲಿಗೆ ಮುಗಿಯಿತು ಎಂದುಕೊಳ್ಳುವವರು ಬಾಟಲಿಯಲ್ಲಿ ಬೇರೇನಿದೆ ಎಂದು ನೋಡುವುದಿಲ್ಲ. ಎಲೆಯ ಮೇಣದ ಹೊದಿಕೆ ದಾಟಿ ಒಳಹೋಗಲು ಗ್ಲೈಫೋಸೇಟ್‌ಗೆ ನೆರವು ಬೇಕು. ಅದಕ್ಕೆಂದು ಬೆರೆಸುವ ಮೇಲ್ಮೈಕಾರಕಗಳು, ಅಂದರೆ ಸಾಬೂನಿನಂಥ ವಸ್ತುಗಳು, ಬಾಯಿ, ಗಂಟಲು, ಹೊಟ್ಟೆಯ ಒಳಪದರವನ್ನು ಕೆರಳಿಸುತ್ತವೆ, ಗಟ್ಟಿಯಾಗಿದ್ದರೆ ಸುಡುತ್ತವೆ. ಪ್ರಾಣಿಗಳ ಕೊಬ್ಬಿನಿಂದ ತಯಾರಿಸುವ ಪಾಲಿಎಥಾಕ್ಸಿಲೇಟೆಡ್ ಟ್ಯಾಲೋ ಅಮೈನ್ ಇವುಗಳಲ್ಲಿ ಹೆಚ್ಚು ಕುಖ್ಯಾತ. ಗ್ಲೈಫೋಸೇಟ್ ಉತ್ಪನ್ನಗಳಲ್ಲಿ ಇದನ್ನು ಬಳಸುವುದನ್ನು ಯುರೋಪಿಯನ್ ಒಕ್ಕೂಟ 2016ರಲ್ಲಿ ನಿಷೇಧಿಸಿತು. ಹೀಗಾಗಿ 'ಗ್ಲೈಫೋಸೇಟ್ ವಿಷವೋ ಅಲ್ಲವೋ' ಎಂಬ ಪ್ರಶ್ನೆಯೇ ಅರ್ಧಂಬರ್ಧ. ನಿಮ್ಮ ನಾಯಿ ನೆಕ್ಕಿದ್ದು ಬಾಟಲಿಯೊಳಗಿನ ಮಿಶ್ರಣವನ್ನು, ಪ್ರಯೋಗಾಲಯದ ಶುದ್ಧ ಪುಡಿಯನ್ನಲ್ಲ.

ಸಿಂಪಡಿಸಿದ ದ್ರಾವಣ ಇನ್ನೂ ಒಣಗದ ಹುಲ್ಲನ್ನು ತಿಂದ ನಾಯಿ ಅಥವಾ ಪಾದಕ್ಕೆ ಅಂಟಿದ್ದನ್ನು ನೆಕ್ಕಿದ ಬೆಕ್ಕಿನಲ್ಲಿ ಕಾಣುವುದು ಹೆಚ್ಚಾಗಿ ಹೀಗೆ: ಕೆಲವೇ ಗಂಟೆಗಳಲ್ಲಿ ಜೊಲ್ಲು, ವಾಂತಿ, ಭೇದಿ, ಊಟ ಬಿಡುವುದು, ಮಂಕಾಗುವುದು. ನೀರು ಬೆರೆಸಿದ ದ್ರಾವಣವಾದರೆ ಪ್ರಾಣಿ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಸುಧಾರಿಸುತ್ತದೆ. ಕಾಲು, ಮೈ ತೊಳೆದು, ಕುಡಿಯಲು ನೀರಿಟ್ಟು ಗಮನಿಸಬಹುದು. ವಾಂತಿ ನಿಲ್ಲದಿದ್ದರೆ, ನೀರೂ ಒಳಗೆ ಉಳಿಯದಿದ್ದರೆ, ಮರಿಯಾಗಿದ್ದರೆ ಅಥವಾ ಮುದಿ ಪ್ರಾಣಿಯಾಗಿದ್ದರೆ ಪಶುವೈದ್ಯರಲ್ಲಿಗೆ ಹೋಗಿ. ಸಿಂಪಡಿಸಿದ್ದು ಪೂರ್ತಿ ಒಣಗಿದ ಮೇಲೆ ಆ ಜಾಗದಲ್ಲಿ ಓಡಾಡಿದ್ದಕ್ಕೆ ತೀವ್ರ ಕಾಯಿಲೆ ಬಂದಿದ್ದರೆ ಬೇರೆ ಕಾರಣ ಹುಡುಕಿ.

ಮನುಷ್ಯರಲ್ಲಿ ಚರ್ಮದ ಮೂಲಕ ಒಳಹೋಗುವುದು ತೀರಾ ಕಡಿಮೆ. ಚರ್ಮ ಕೆಂಪಾಗುವುದು, ಕಣ್ಣು ಉರಿಯುವುದು ಸಿಂಪಡಿಸುವವರ ಸಾಮಾನ್ಯ ದೂರು. ಗಟ್ಟಿ ದ್ರಾವಣ ಹೆಚ್ಚಿನ ಪ್ರಮಾಣದಲ್ಲಿ ನುಂಗಿದಾಗ ಕಥೆ ಬೇರೆ: ರಕ್ತದೊತ್ತಡ ಕುಸಿಯುತ್ತದೆ, ರಕ್ತ ಆಮ್ಲೀಯವಾಗುತ್ತದೆ, ಮೂತ್ರಪಿಂಡ ಕೆಲಸ ನಿಲ್ಲಿಸುತ್ತದೆ, ಸಾವೂ ಸಂಭವಿಸುತ್ತದೆ. ಪ್ರತಿವಿಷ ಇಲ್ಲ. ದೇಹ ಅದನ್ನು ಹೊರಹಾಕುವವರೆಗೆ ಅಂಗಾಂಗಗಳಿಗೆ ಆಸರೆ ಕೊಡುವುದೇ ಚಿಕಿತ್ಸೆ.

ಆಸ್ಪತ್ರೆಯಲ್ಲಿ ಆಗಬಹುದಾದ ಒಂದು ತಪ್ಪು ತೀರ್ಮಾನವನ್ನು ಇಲ್ಲೇ ಹೇಳಬೇಕು. ಗ್ಲೈಫೋಸೇಟ್ ರಂಜಕ ಇರುವ ಸಾವಯವ ಸಂಯುಕ್ತ. ಆದ್ದರಿಂದ ಆರ್ಗನೋಫಾಸ್ಫರಸ್ ಕೀಟನಾಶಕಗಳ ಸಾಲಿಗೆ ಸೇರಿಸಿ, ಅವಕ್ಕೆ ಕೊಡುವ ಆಟ್ರೋಪಿನ್ ಎಂಬ ಔಷಧಿ ಕೊಡಲು ಮುಂದಾಗುವ ಸಾಧ್ಯತೆ ಇದೆ. ಆ ಕೀಟನಾಶಕಗಳು ನರಗಳಿಗೆ ಬೇಕಾದ ಕೋಲಿನೆಸ್ಟರೇಸ್ ಕಿಣ್ವವನ್ನು ಕಟ್ಟಿಹಾಕುತ್ತವೆ. ಗ್ಲೈಫೋಸೇಟ್ ಹಾಗೆ ಮಾಡುವುದಿಲ್ಲ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗಿದೆ, ಮಾಂಸಖಂಡಗಳು ಅದುರುತ್ತಿವೆ, ಬೆವರು ಜೊಲ್ಲು ಹರಿಯುತ್ತಿದೆ, ನಾಡಿ ನಿಧಾನವಾಗಿದೆ ಎಂದಾದರೆ ಕೀಟನಾಶಕವನ್ನು ಹುಡುಕಿ. ರಕ್ತದಲ್ಲಿ ಕೋಲಿನೆಸ್ಟರೇಸ್ ಮಟ್ಟ ನೋಡಿದರೆ ಬಹುಮಟ್ಟಿಗೆ ಸಂದೇಹ ತೀರುತ್ತದೆ.

ಮೊದಲು ಸುಮ್ಮನಿದ್ದು ಆಮೇಲೆ ಉಸಿರು ಕಟ್ಟಿದರೆ: ಪ್ಯಾರಾಕ್ವಾಟ್

ಈ ಕೈಪಿಡಿಯಲ್ಲಿ ಒಂದೇ ಭಾಗ ನೆನಪಿಡುವುದಾದರೆ ಇದನ್ನು ನೆನಪಿಡಿ. 1962ರಲ್ಲಿ ಮಾರುಕಟ್ಟೆಗೆ ಬಂದ ಪ್ಯಾರಾಕ್ವಾಟ್ ದೇಹದ ಜೀವಕೋಶಗಳಲ್ಲಿ ಆಮ್ಲಜನಕವನ್ನೇ ಆಯುಧ ಮಾಡಿಕೊಳ್ಳುತ್ತದೆ. ಅದರ ಒಂದೊಂದು ಅಣುವೂ ಎಲೆಕ್ಟ್ರಾನ್ ಪಡೆದು, ಅದನ್ನು ಆಮ್ಲಜನಕಕ್ಕೆ ದಾಟಿಸಿ, ಮತ್ತೆ ಮೊದಲಿನಂತಾಗಿ, ಅದೇ ಕೆಲಸವನ್ನು ಪುನಃ ಪುನಃ ಮಾಡುತ್ತದೆ. ಹೀಗೆ ಹುಟ್ಟಿಕೊಂಡ ಸೂಪರ್‌ಆಕ್ಸೈಡ್ ಎಂಬ ಆಮ್ಲಜನಕದ ಉಗ್ರ ರೂಪ ಕೋಶಗಳನ್ನು ಒಳಗಿನಿಂದ ನಾಶಪಡಿಸುತ್ತದೆ. ದುರದೃಷ್ಟಕ್ಕೆ ಶ್ವಾಸಕೋಶದ ಕೋಶಗಳು ಪ್ಯಾರಾಕ್ವಾಟ್ ಅನ್ನು ತಮಗೆ ಬೇಕಾದ ಪಾಲಿಅಮೈನ್ ಎಂಬ ವಸ್ತುವೆಂದೇ ತಿಳಿದು ಒಳಗೆ ಎಳೆದುಕೊಳ್ಳುತ್ತವೆ. ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಅಲ್ಲಿ ಶೇಖರವಾಗುತ್ತದೆ.

ಸಮಯದ ಲೆಕ್ಕ ಗಮನಿಸಿ. ಮೊದಲು ವಾಂತಿ, ಗಂಟಲು ಉರಿ. ಒಂದೆರಡು ದಿನದಲ್ಲಿ ನಾಲಿಗೆ, ತುಟಿ, ಗಂಟಲಲ್ಲಿ ಹುಣ್ಣು, ಸುಲಿದ ಪದರ. ನಂತರ ಮೂತ್ರ ಕಡಿಮೆಯಾಗುತ್ತದೆ. ಈ ನಡುವೆ ವ್ಯಕ್ತಿ ಚೇತರಿಸಿಕೊಂಡಂತೆ ಕಾಣಬಹುದು, ಮನೆಯವರು ಬಿಡುಗಡೆಗೆ ಒತ್ತಾಯಿಸುವುದೂ ಆಗಲೇ. ಮುಂದಿನ ದಿನಗಳಲ್ಲಿ, ಕೆಲವರಲ್ಲಿ ಎರಡು ಮೂರು ವಾರಗಳಲ್ಲಿ, ಶ್ವಾಸಕೋಶ ನಾರುಗಟ್ಟಿ ಉಸಿರಾಟವೇ ಸಾಧ್ಯವಾಗದಂತಾಗುತ್ತದೆ. ನಾಯಿಗಳಲ್ಲೂ ಹೀಗೆಯೇ: ಮೊದಲು ವಾಂತಿ, ಕೆಲ ದಿನ ಬಿಟ್ಟು ಏದುಸಿರು. ಎರಡಕ್ಕೂ ನಡುವೆ ದಿನಗಳ ಅಂತರ ಇರುವುದರಿಂದ ಸಿಂಪಡಣೆಗೆ ತಾಳೆ ಹಾಕುವುದು ಯಾರಿಗೂ ಹೊಳೆಯುವುದಿಲ್ಲ, ನ್ಯುಮೋನಿಯಾ ಎಂದು ಚಿಕಿತ್ಸೆ ನಡೆಯುತ್ತಿರುತ್ತದೆ.

ಪರೀಕ್ಷೆ ಸರಳ. ಮೂತ್ರವನ್ನು ಕ್ಷಾರೀಯಗೊಳಿಸಿ ಸೋಡಿಯಂ ಡೈಥಯೊನೈಟ್ ಬೆರೆಸಿದಾಗ ನೀಲಿ ಬಂದರೆ ಪ್ಯಾರಾಕ್ವಾಟ್, ಹಸಿರು ಬಂದರೆ ಡೈಕ್ವಾಟ್. ಹೊತ್ತು ಮೀರಿದ ಮೇಲೆ ಬಣ್ಣ ಬರಲಿಲ್ಲ ಎಂಬುದು ಸಮಾಧಾನಕ್ಕೆ ಕಾರಣವಾಗಬಾರದು. ಹೊಟ್ಟೆಯಲ್ಲಿರುವುದನ್ನು ಕಟ್ಟಿಹಾಕಲು ಸಕ್ರಿಯ ಇದ್ದಿಲು ಅಥವಾ ಫುಲ್ಲರ್ಸ್ ಅರ್ಥ್ ಎಂಬ ಜೇಡಿಮಣ್ಣನ್ನು ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ಇನ್ನೊಂದು ವಿಚಿತ್ರ ಎಚ್ಚರಿಕೆ: ಉಸಿರಾಟದ ತೊಂದರೆ ಎಂದೊಡನೆ ಹಚ್ಚುವ ಆಮ್ಲಜನಕ ಇಲ್ಲಿ ಹಾನಿಯನ್ನು ಹೆಚ್ಚಿಸುತ್ತದೆ. ರಕ್ತದಲ್ಲಿ ಆಮ್ಲಜನಕ ತೀರಾ ಇಳಿದಾಗ ಮಾತ್ರ ವೈದ್ಯರು ಅದನ್ನು ಕೊಡುತ್ತಾರೆ. ಆಂಬುಲೆನ್ಸ್‌ನಲ್ಲಿ ಬರುವವರಿಗೆ ಬಾಟಲಿಯ ಹೆಸರು ಮೊದಲೇ ತಿಳಿದಿರಬೇಕಾದದ್ದು ಈ ಕಾರಣಕ್ಕೆ.

ನುಂಗದೆಯೂ ಅಪಾಯವಿದೆ. ಗಾಯವಿಲ್ಲದ ಚರ್ಮ ಇದನ್ನು ಸುಲಭಕ್ಕೆ ಒಳಬಿಡುವುದಿಲ್ಲ. ಆದರೆ ಬೆನ್ನಿಗೆ ಕಟ್ಟಿದ ಸ್ಪ್ರೇಯರ್ ಸೋರಿ, ತೊಯ್ದ ಬಟ್ಟೆಯಲ್ಲೇ ಗಂಟೆಗಟ್ಟಲೆ ಕೆಲಸ ಮಾಡಿ, ಚರ್ಮ ಸುಟ್ಟು, ಆ ಗಾಯದ ಮೂಲಕ ವಿಷ ಸೇರಿ ಸತ್ತವರಿದ್ದಾರೆ. ಸಿಂಪಡಿಸುವವರಲ್ಲಿ ಪದೇ ಪದೇ ಮೂಗಿನಿಂದ ರಕ್ತ ಬರುವುದು, ಉಗುರಿನ ಬಣ್ಣ ಕೆಟ್ಟು ಕಳಚುವುದು ಕಂಡರೆ ಉಪಕರಣ ಸೋರುತ್ತಿದೆ ಎಂದೇ ಭಾವಿಸಿ ತಪಾಸಣೆ ಮಾಡಿ.

ನಾಯಿಗೆ ಮಾತ್ರ ಹೆಚ್ಚು ತಾಗಿದರೆ: 2,4-ಡಿ

ಒಂದೇ ಹುಲ್ಲುಹಾಸಿನ ಮೇಲೆ ಆಡಿದ ಮಕ್ಕಳು ಆರಾಮ, ನಾಯಿ ಮಾತ್ರ ಹಾಸಿಗೆ ಹಿಡಿದಿದೆ ಎಂದರೆ 2,4-ಡಿಯನ್ನು ನೆನೆಯಿರಿ. ಈ ಬಗೆಯ ಸಾವಯವ ಆಮ್ಲಗಳನ್ನು ಮೂತ್ರದ ಮೂಲಕ ಹೊರಹಾಕುವುದರಲ್ಲಿ ನಾಯಿಯ ಮೂತ್ರಪಿಂಡ ಬೇರೆ ಪ್ರಾಣಿಗಳಿಗಿಂತ ನಿಧಾನ. ವಾಂತಿ, ರಕ್ತಮಿಶ್ರಿತ ಭೇದಿ, ಹಿಂಗಾಲು ಸೆಟೆದುಕೊಳ್ಳುವುದು, ನಡೆಯುವಾಗ ತೂರಾಡುವುದು ಇದರ ಲಕ್ಷಣ. ಹಾಗೆಂದು ಒಣಗಿದ ಹುಲ್ಲಿನ ಮೇಲೆ ಓಡಾಡಿದ ನಾಯಿಗೆಲ್ಲ ಹೀಗಾಗುವುದಿಲ್ಲ. ಹೆಚ್ಚಿನ ಗಂಭೀರ ಪ್ರಕರಣಗಳಲ್ಲಿ ನಾಯಿ ಗಟ್ಟಿ ದ್ರಾವಣದ ಡಬ್ಬಿ ಕಚ್ಚಿರುತ್ತದೆ ಅಥವಾ ಚೆಲ್ಲಿದ್ದನ್ನು ನೆಕ್ಕಿರುತ್ತದೆ.

ಮೇಯುವ ಪ್ರಾಣಿ ಸತ್ತಿದೆ, ಕಳೆನಾಶಕ ಹೊಡೆದಿದ್ದೂ ಹೌದು

ಇಲ್ಲಿ ಕಳೆನಾಶಕವೇ ಅಪರಾಧಿ, ಆದರೆ ಪರೋಕ್ಷವಾಗಿ ಎಂಬ ಸನ್ನಿವೇಶ ಬರುತ್ತದೆ. 2,4-ಡಿ ಬಿದ್ದರೂ ಪೂರ್ತಿ ಸಾಯದ ಕೆಲವು ಕಳೆಗಳಲ್ಲಿ ನೈಟ್ರೇಟ್ ಶೇಖರವಾಗುತ್ತದೆ. ಬಾಡುವ ಹೊತ್ತಿನಲ್ಲಿ ಸಿಹಿ ಹೆಚ್ಚಿ, ಸಾಮಾನ್ಯವಾಗಿ ಮೂಸಿಯೂ ನೋಡದ ವಿಷದ ಗಿಡವನ್ನು ದನಗಳು ಬಾಯಿಚಪ್ಪರಿಸಿ ತಿನ್ನುತ್ತವೆ. ನೈಟ್ರೇಟ್ ಮೆಲುಕುಚೀಲದಲ್ಲಿ ನೈಟ್ರೈಟ್ ಆಗಿ, ರಕ್ತದ ಹಿಮೋಗ್ಲೋಬಿನ್ ಆಮ್ಲಜನಕ ಹೊರಲಾರದಂತೆ ಮಾಡುತ್ತದೆ. ಮೇಯ್ದ ಕೆಲವೇ ಗಂಟೆಗಳಲ್ಲಿ ಏದುಸಿರು, ತತ್ತರ, ಸಾವು. ರಕ್ತ ಚಾಕೊಲೇಟ್ ಬಣ್ಣಕ್ಕೆ ತಿರುಗಿದ್ದರೆ ಪಶುವೈದ್ಯರಿಗೆ ಮೊದಲು ಹೇಳಬೇಕಾದ ಮಾತು ಅದೇ, ಏಕೆಂದರೆ ಇದಕ್ಕೆ ಮೆಥಿಲೀನ್ ಬ್ಲೂ ಎಂಬ ಚಿಕಿತ್ಸೆ ಇದೆ. ಮನುಷ್ಯರಲ್ಲಿ ಇದೇ ಬಗೆಯ ಕಂದು ರಕ್ತ, ನೀಲಿಗಟ್ಟಿದ ತುಟಿ ಕಂಡರೆ ಭತ್ತದ ಕಳೆನಾಶಕ ಪ್ರೊಪನಿಲ್ ನುಂಗಿರಬಹುದು. ಬೆರಳಿಗೆ ಹಾಕುವ ಆಕ್ಸಿಮೀಟರ್ ಆಗ ಸುಮಾರು 85ರ ಆಸುಪಾಸಿನಲ್ಲಿ ಅಂಟಿಕೊಂಡು, ಆಮ್ಲಜನಕ ಕೊಟ್ಟರೂ ಮೇಲೇರುವುದಿಲ್ಲ.

ವಿಷದ ಗಿಡಗಳಲ್ಲಿ ಯಕೃತ್ತನ್ನು ಕೆಡಿಸುವಂಥವಿದ್ದರೆ ಲಕ್ಷಣ ವಾರಗಳು, ತಿಂಗಳುಗಳು ಕಳೆದ ಮೇಲೆ ಕಾಣಿಸುತ್ತವೆ. ಅಷ್ಟರಲ್ಲಿ ಸಿಂಪಡಣೆಯ ನೆನಪೇ ಮಾಸಿರುತ್ತದೆ. ಆದ್ದರಿಂದ ಹೊಡೆದ ಹೊಲಕ್ಕೆ ಪ್ರಾಣಿಗಳನ್ನು ಬಿಡುವ ಮುನ್ನ ಕಾಯಬೇಕಾದ ಅವಧಿಯನ್ನು ಲೇಬಲ್‌ನಲ್ಲಿ ನೋಡಿ. ವಿಷದ ಕಳೆಗಳಿದ್ದರೆ ಅವು ಪೂರ್ತಿ ಒಣಗಿ ಕಣ್ಮರೆಯಾಗುವವರೆಗೆ ಕಾಯಿರಿ.

ಕಳೆನಾಶಕಕ್ಕೆ ಸಂಬಂಧವೇ ಇಲ್ಲದ ಕಾರಣಗಳೂ ಇವೆ. ಎಳೆಯ ಜೋಳದಲ್ಲಿರುವ ಸಯನೈಡ್ ಅಂಶ ತಿಂದ ಪ್ರಾಣಿಯ ರಕ್ತ ಕಡುಗೆಂಪಾಗಿರುತ್ತದೆ. ನಾಯಿ ಇದ್ದಕ್ಕಿದ್ದಂತೆ ಸೆಳವಿಗೆ ಒಳಗಾದರೆ ಬಸವನಹುಳು ಕೊಲ್ಲುವ ಮೆಟಾಲ್ಡಿಹೈಡ್ ಗುಳಿಗೆಗಳನ್ನು, ಇಲಿ ಪಾಷಾಣವನ್ನು ವಿಚಾರಿಸಿ. ಎಲ್ಲಕ್ಕಿಂತ ಸುಲಭವಾಗಿ ತಪ್ಪಿಸಿಕೊಳ್ಳುವ ಅಪರಾಧಿ ಎಂದರೆ ಸ್ಪ್ರೇಯರ್‌ನ ಹಿಂದಿನ ಬಳಕೆ. ಹೋದ ವಾರ ಕೀಟನಾಶಕ ಹೊಡೆದು ತೊಳೆಯದೆ ಇಟ್ಟ ಟ್ಯಾಂಕಿನಲ್ಲೇ ಈ ವಾರ ಕಳೆನಾಶಕ ಕಲಸಿದ್ದರೆ, ಲೇಬಲ್ ಓದಿ ಮಾಡಿದ ತೀರ್ಮಾನವೆಲ್ಲ ತಲೆಕೆಳಗು.

ಮಾದರಿ ತೆಗೆಯುವಾಗ

ಸಾಮಾನ್ಯ ವಿಷಪರೀಕ್ಷೆಗಳಲ್ಲಿ ಗ್ಲೈಫೋಸೇಟ್ ಪತ್ತೆಯಾಗುವುದಿಲ್ಲ. ಅದಕ್ಕೆಂದೇ ಬೇರೆ ವಿಧಾನ ಬೇಕು. 'ವಿಷ ಕಂಡುಬಂದಿಲ್ಲ' ಎಂಬ ವರದಿ ಬಂದರೆ ಯಾವುದನ್ನು ಹುಡುಕಿದರು ಎಂದು ಕೇಳಿ. ಮೂತ್ರ, ವಾಂತಿ, ಮೇವು, ಕುಡಿದ ನೀರು, ಸತ್ತ ಪ್ರಾಣಿಯಾದರೆ ಹೊಟ್ಟೆಯಲ್ಲಿದ್ದದ್ದು, ಯಕೃತ್ತು, ಮೂತ್ರಪಿಂಡ ಇವನ್ನು ಬೇರೆ ಬೇರೆ ಶುಚಿಯಾದ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ತುಂಬಿ ತಣ್ಣಗಿಡಿ. ಗ್ಲೈಫೋಸೇಟ್, ಪ್ಯಾರಾಕ್ವಾಟ್ ಎರಡೂ ಗಾಜಿನ ಒಳಮೈಗೆ ಅಂಟಿಕೊಳ್ಳುವುದರಿಂದ ಗಾಜಿನ ಸೀಸೆ ಬೇಡ. ಪ್ರತಿ ಡಬ್ಬಿಯ ಮೇಲೂ ದಿನಾಂಕ, ಗಂಟೆ ಬರೆಯಿರಿ.

ಕಾಯಿಲೆ ಈಗಿಲ್ಲ, ಮುಂದೆ ಬಂದೀತೇ ಎಂಬ ಪ್ರಶ್ನೆ

ಇದನ್ನು ಮೇಲಿನ ವಿಧಾನದಿಂದ ಬಿಡಿಸಲಾಗದು, ಪ್ರಶ್ನೆಯ ಸ್ವರೂಪವೇ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರ ಮಾರ್ಚ್‌ನಲ್ಲಿ ಗ್ಲೈಫೋಸೇಟ್ ಅನ್ನು 2ಎ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್‌ಕಾರಕ ಎಂಬ ವರ್ಗಕ್ಕೆ ಸೇರಿಸಿತು. ಅದೇ ವರ್ಷ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಅಪಾಯ ಇರುವ ಸಂಭವ ಕಡಿಮೆ ಎಂದಿತು. 2023ರಲ್ಲಿ ಯುರೋಪಿಯನ್ ಒಕ್ಕೂಟ ಇನ್ನೂ ಹತ್ತು ವರ್ಷಕ್ಕೆ ಅನುಮತಿ ನವೀಕರಿಸಿತು. ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಒಂದು ವಸ್ತುವಿಗೆ ಕ್ಯಾನ್ಸರ್ ತರುವ ಸಾಮರ್ಥ್ಯ ಇದೆಯೇ ಎಂದು ಮಾತ್ರ ನೋಡುತ್ತದೆ, ಎಷ್ಟು ತಾಗಿದರೆ ಎಂಬುದನ್ನು ಅಳೆಯುವುದಿಲ್ಲ. ಆದರೆ ಭಿನ್ನಾಭಿಪ್ರಾಯಕ್ಕೆ ಅಷ್ಟೇ ಕಾರಣ ಎಂದರೆ ತಪ್ಪಾಗುತ್ತದೆ. ಯಾವ ಅಧ್ಯಯನಗಳನ್ನು ಪರಿಗಣಿಸಬೇಕು, ಯಾವುದಕ್ಕೆ ಎಷ್ಟು ತೂಕ ಕೊಡಬೇಕು ಎಂಬಲ್ಲೂ ಅವು ಬೇರೆ ಬೇರೆ ದಾರಿ ಹಿಡಿದಿವೆ. ವರ್ಷಗಟ್ಟಲೆ ಸಿಂಪಡಿಸುವ ಕೂಲಿಯವರ ಪ್ರಶ್ನೆಯನ್ನೂ ಅಂಗಳದಲ್ಲಿ ಒಮ್ಮೆ ಹೊಡೆದವರ ಪ್ರಶ್ನೆಯನ್ನೂ ಒಂದೇ ತಕ್ಕಡಿಯಲ್ಲಿಡುವುದು ನನಗೆ ಸರಿ ಕಾಣುವುದಿಲ್ಲ. ಮೊದಲಿನವರಿಗೆ ಕೈಗವಸು, ಬೂಟು, ಸೋರದ ಸ್ಪ್ರೇಯರ್ ಸಿಗಲೇಬೇಕು.

ನೀರಿನಲ್ಲಿ ಗ್ಲೈಫೋಸೇಟ್ ಅಂಶ ಪತ್ತೆಯಾಗಿದೆ ಎಂಬ ವರದಿ ಹಿಡಿದು ಬರುವವರು ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಕುಡಿಯುವ ನೀರಿನಲ್ಲಿ ಯುರೋಪಿಯನ್ ಒಕ್ಕೂಟದ ಮಿತಿ ಲೀಟರಿಗೆ 0.1 ಮೈಕ್ರೋಗ್ರಾಂ, ಅಮೆರಿಕದ್ದು 700 ಮೈಕ್ರೋಗ್ರಾಂ. ಏಳು ಸಾವಿರ ಪಟ್ಟು ಅಂತರ. ಯುರೋಪಿನದ್ದು ಯಾವ ಪೀಡೆನಾಶಕವಾದರೂ ನೀರಿನಲ್ಲಿ ಇರಬಾರದು ಎಂಬ ತತ್ವದಿಂದ ಎಲ್ಲಕ್ಕೂ ಒಂದೇ ಸಮನಾಗಿ ಇಟ್ಟ ಗೆರೆ, ಅಮೆರಿಕದ್ದು ಆರೋಗ್ಯದ ಮೇಲಿನ ಪರಿಣಾಮ ಲೆಕ್ಕ ಹಾಕಿ ಇಟ್ಟದ್ದು. ಯಾವ ಮಿತಿಗೆ ಹೋಲಿಸಿದ್ದಾರೆ ಎಂದು ತಿಳಿಯದೆ 'ಮಿತಿ ಮೀರಿದೆ' ಎಂಬ ಮಾತಿಗೆ ಬೆಲೆ ಕಟ್ಟಲಾಗದು.

ಕೊಳದ ಮೀನು ಸತ್ತರೆ

ಮೇಲ್ಮೈಕಾರಕಗಳು ಮೀನಿನ ಕಿವಿರುಗಳಿಗೂ ಕಪ್ಪೆಮರಿಗಳಿಗೂ ಕೆಟ್ಟದ್ದು. ನೆಲಕ್ಕೆಂದು ತಯಾರಿಸಿದ ಗ್ಲೈಫೋಸೇಟ್ ದ್ರಾವಣ ಕೊಳಕ್ಕೆ ಬಿದ್ದರೆ ಬೇಗನೆ ಸಾವು ಕಾಣಿಸುತ್ತದೆ. ಆದರೆ ನೀರಿನ ಕಳೆಗಳಿಗೆ ಹೊಡೆದು ಹಲವು ದಿನಗಳಾದ ಮೇಲೆ, ಬೆಳಗಿನ ಜಾವ ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆದು ಒದ್ದಾಡುತ್ತಿದ್ದರೆ ವಿಷಕ್ಕಿಂತ ಆಮ್ಲಜನಕದ ಕೊರತೆಯೇ ಕಾರಣವಾಗಿರುವ ಸಂಭವ ಹೆಚ್ಚು. ಕೊಳೆಯುತ್ತಿರುವ ಕಳೆ ಅದನ್ನು ಹೀರಿರುತ್ತದೆ. ಕರಗಿದ ಆಮ್ಲಜನಕವನ್ನು ಸೂರ್ಯೋದಯಕ್ಕೆ ಮುಂಚೆ ಅಳೆಯಿರಿ. ಮಧ್ಯಾಹ್ನದ ಅಳತೆ ಎಲ್ಲವೂ ಸರಿಯಿದೆ ಎಂದೇ ತೋರಿಸಬಹುದು. ಕೊರತೆ ಇದ್ದರೆ ಗಾಳಿಯಾಡಿಸುವ ಪಂಪ್ ಹಚ್ಚಿ, ಸತ್ತ ಕಳೆಯನ್ನು ದಡಕ್ಕೆ ಎಳೆಯಿರಿ. ಮುಂದಿನ ಸಲ ಕೊಳವನ್ನು ಭಾಗ ಮಾಡಿ, ಒಂದು ಭಾಗದ ಕಳೆ ಕೊಳೆತು ಮುಗಿದ ಮೇಲೆ ಇನ್ನೊಂದಕ್ಕೆ ಕೈ ಹಾಕಿ.